ಗೋಡೆಯಿಲ್ಲದ ಶಾಲೆಯ ಮಾಸ್ತರ: ಇಬ್ರಾಹಿಂ ಸುತಾರರ ನೆನಪಿನಲ್ಲಿ

2022ರ ಫೆಬ್ರವರಿ 5, ಶನಿವಾರ. ಊರಿನವರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು: ಮಹಾಲಿಂಗಪುರದ ಇಬ್ರಾಹಿಂ ಸುತಾರ ತೀರಿಕೊಂಡರು. ಹೃದಯಾಘಾತ. ವಯಸ್ಸು 81. ಒಬ್ಬರು 'ಇನ್ನಾ ಲಿಲ್ಲಾಹಿ' ಎಂದು ಬರೆದರು, ಇನ್ನೊಬ್ಬರು 'ಓಂ ಶಾಂತಿ' ಎಂದರು. ಮತ್ತೊಬ್ಬರು ಏನೂ ಬರೆಯದೆ ಅವರ ಭಜನೆಯ ಒಂದು ವಿಡಿಯೊ ಹಾಕಿದರು.

ಅದೇ ದಿನ ಕರ್ನಾಟಕ ಸರ್ಕಾರ ಶಾಲಾ-ಕಾಲೇಜುಗಳ ಸಮವಸ್ತ್ರದ ಬಗ್ಗೆ ಆದೇಶ ಹೊರಡಿಸಿತು. ಉಡುಪಿಯಲ್ಲಿ ಶುರುವಾಗಿದ್ದ ಹಿಜಾಬ್ ವಿವಾದ ಅಷ್ಟು ಹೊತ್ತಿಗೆ ರಾಜ್ಯದ ತುಂಬ ಹಬ್ಬಿತ್ತು, ಯಾವ ಚಾನೆಲ್ ಹಾಕಿದರೂ ಅದೇ. ಮರುದಿನ ಭಾನುವಾರ ಮುಂಬೈಯಲ್ಲಿ ಲತಾ ಮಂಗೇಶ್ಕರ್ ತೀರಿಕೊಂಡರು. ಇಡೀ ದೇಶದ ಕಣ್ಣು ಶಿವಾಜಿ ಪಾರ್ಕಿನ ಕಡೆ ತಿರುಗಿತು. ಈ ಎರಡು ದೊಡ್ಡ ಸುದ್ದಿಗಳ ನಡುವೆ ಒಬ್ಬ ಜನಪದ ಗಾಯಕನ ಸಾವು, ಕರ್ನಾಟಕದ ಹೊರಗಿರುವ ನಮ್ಮಂಥವರ ಮಟ್ಟಿಗಂತೂ, ಒಂದು ದಿನದ ಸುದ್ದಿಯಾಗಿ ಮುಗಿಯಿತು. ಇದು ಯಾರ ಮೇಲಿನ ದೂರೂ ಅಲ್ಲ. ಸುದ್ದಿಯ ಲೆಕ್ಕ ಹಾಗೇ ಇರುತ್ತದೆ.

ಆ ಸಂಜೆ ನನ್ನ ಅಕ್ಕನ ಮಗಳು ಆ ವಿಡಿಯೊ ನೋಡಿದಳು. ಪುಣೆಯಲ್ಲೇ ಹುಟ್ಟಿ ಇಲ್ಲೇ ಕಾಲೇಜು ಓದುತ್ತಿರುವ ಹುಡುಗಿ. ಕನ್ನಡ ಮಾತಾಡುತ್ತಾಳೆ, ಓದಲು ಸ್ವಲ್ಪ ಕಷ್ಟ. ನೋಡಿ ಮುಗಿಸಿ ಕೇಳಿದಳು: "ಮಾಮೂ, ಇವರು ಮುಸ್ಲಿಮರಲ್ವಾ? ಮತ್ತೆ ಇದನ್ನ ಯಾಕೆ ಹಾಡ್ತಾರೆ?"

ನಾನು ಥಟ್ಟನೆ, "ಅವರು ಭಾವೈಕ್ಯದ ಗಾಯಕರಮ್ಮಾ" ಅಂದೆ. ಅವಳು ತಲೆಯಾಡಿಸಿ ಸುಮ್ಮನಾದಳು. ನನ್ನ ಉತ್ತರ ಅವಳನ್ನು ಮುಟ್ಟಲಿಲ್ಲ ಅನ್ನುವುದು ಅವಳು ಸುಮ್ಮನಾದ ರೀತಿಯಲ್ಲೇ ಗೊತ್ತಾಯಿತು. ಓದುಗರೇ, ಇದೇ ಪ್ರಶ್ನೆಯನ್ನು ನಿಮ್ಮ ಮನೆಯ ಮಕ್ಕಳೂ ಕೇಳಿರಬಹುದು, ಅಥವಾ ಪಕ್ಕದ ಮನೆಯವರು ಬೇರೆ ದನಿಯಲ್ಲಿ ಕೇಳಿರಬಹುದು. ಆವತ್ತು ಕೊಡಲಾಗದ ಉತ್ತರವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮಗ್ಗದ ಊರಿನ ಹುಡುಗ

ಇಬ್ರಾಹಿಂ ನಬಿಸಾಹೇಬ ಸುತಾರ ಹುಟ್ಟಿದ್ದು 1940ರ ಮೇ 10ರಂದು, ಮಹಾಲಿಂಗಪುರದಲ್ಲಿ. ಇವತ್ತು ಅದು ಬಾಗಲಕೋಟೆ ಜಿಲ್ಲೆ. 1997ರವರೆಗೆ ಬಾಗಲಕೋಟೆ ಜಿಲ್ಲೆಯೇ ಇರಲಿಲ್ಲ, ಎಲ್ಲ ಸೇರಿ ಒಂದೇ ವಿಜಾಪುರ ಜಿಲ್ಲೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಮಹಾಲಿಂಗಪುರ ಅಂದರೆ ನಮ್ಮ ಕಡೆಯವರಿಗೆ ಎರಡು ನೆನಪಾಗುತ್ತವೆ: ಬೆಲ್ಲದ ಪೇಟೆ ಮತ್ತು ಮಗ್ಗ. ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರ, ಈ ಸಾಲಿನ ಊರುಗಳಲ್ಲಿ ಓಣಿ ಹೊಕ್ಕರೆ ಮಗ್ಗದ ಸಪ್ಪಳ ಕೇಳಿಸುತ್ತದೆ.

ಸುತಾರ ಅಂದರೆ ಬಡಗಿ. ಅಡ್ಡಹೆಸರು ಬಡಗಿಯದಾದರೂ ಹುಡುಗ ಕಲಿತದ್ದು ಆ ಊರಿನ ಕಸುಬು, ನೇಯ್ಗೆ. ಮನೆಯಲ್ಲಿ ಬಡತನ. ಪ್ರಾಥಮಿಕ ಶಾಲೆಯನ್ನೂ ಮುಗಿಸಲಾಗಲಿಲ್ಲ. ಮುಂದೆ ಜನ ಅವರನ್ನು 'ಕನ್ನಡದ ಕಬೀರ' ಎಂದು ಕರೆದಾಗ, ಕಬೀರರೂ ಕಾಶಿಯ ನೇಕಾರರ ಮನೆಯವರು ಅನ್ನುವುದನ್ನು ಎಷ್ಟು ಜನ ನೆನೆದರೋ. ಆದರೆ ಆ ಹೋಲಿಕೆ ಬರೀ ಅಲಂಕಾರವಾಗಿರಲಿಲ್ಲ. ಕೈ ಮಗ್ಗದಲ್ಲಿದ್ದಾಗ ಬಾಯಿ ಖಾಲಿ ಇರುತ್ತದೆ. ನೇಕಾರರ ಊರುಗಳಲ್ಲಿ ಹಾಡು ಬೆಳೆದದ್ದಕ್ಕೆ ಇದೂ ಒಂದು ಕಾರಣ.

ಶಾಲೆ ಬಿಟ್ಟ ಹುಡುಗನಿಗೆ ಬೇರೆ ಎರಡು ಶಾಲೆ ಸಿಕ್ಕವು. ಒಂದು ಮಸೀದಿ. ಅಲ್ಲಿ ನಮಾಜು ಕಲಿತರು, ಕುರಾನ್ ಓದಿದರು. ಇನ್ನೊಂದು ಊರಿನ ಭಜನಾ ಮಂಡಳಿ. ಅಲ್ಲಿ ತತ್ವಪದ, ವಚನ, ನಿಜಗುಣರ ಪದಗಳು ಕಿವಿಗೆ ಬಿದ್ದವು. ಎರಡನೆಯದು ಸಿಕ್ಕಿತೆಂದು ಮೊದಲನೆಯದನ್ನು ಅವರು ಬಿಡಲಿಲ್ಲ, ಮೊದಲನೆಯದು ಇದೆಯೆಂದು ಎರಡನೆಯದನ್ನು ದೂರವಿಡಲಿಲ್ಲ. 1970ರಲ್ಲಿ ಸಂಗಡಿಗರನ್ನು ಕೂಡಿಸಿ ಭಾವೈಕ್ಯ ಜಾನಪದ ಸಂಗೀತ ಮೇಳ ಕಟ್ಟಿದರು. ಅಲ್ಲಿಂದ ಸುಮಾರು ಐದು ದಶಕ ಜಾತ್ರೆ, ಮಠ, ಉರುಸು, ಶಾಲೆಯ ಅಂಗಳ, ಹಳ್ಳಿಯ ಕಟ್ಟೆ, ಎಲ್ಲೆಂದರಲ್ಲಿ ಕುಳಿತು ಹಾಡಿದರು, ಹೇಳಿದರು. ರಾಜ್ಯೋತ್ಸವ ಪ್ರಶಸ್ತಿ ಬಂತು, 2018ರಲ್ಲಿ ಪದ್ಮಶ್ರೀ ಬಂತು.

ಪ್ರಶಸ್ತಿಗಳ ವಿಷಯ ಇಲ್ಲಿಗೆ ಸಾಕು. ನಾನು ಹೇಳಬೇಕೆಂದಿರುವುದು ಅವರು ಮಾಸ್ತರರಾಗಿದ್ದ ಬಗೆಯನ್ನು.

ಭಜನಾ ಮಂಡಳಿ ಎಂಬ ಶಾಲೆ

ಊರು ಬಿಟ್ಟು ಬಂದ ನಮ್ಮಲ್ಲಿ ಅನೇಕರಿಗೆ ಭಜನೆ ಅಂದರೆ ದೇವರ ಮುಂದೆ ತಾಳ ತಟ್ಟಿ ಹಾಡುವುದು ಅಷ್ಟೇ. ಉತ್ತರ ಕರ್ನಾಟಕದ ಭಜನಾ ಮಂಡಳಿ ಅಷ್ಟಕ್ಕೇ ಮುಗಿಯುವುದಿಲ್ಲ. ಅಮಾವಾಸ್ಯೆಗೋ ಸೋಮವಾರಕ್ಕೋ ಶ್ರಾವಣದಲ್ಲೋ ಊಟ ಮುಗಿಸಿ ಜನ ಗುಡಿಯ ಕಟ್ಟೆಗೆ ಬರುತ್ತಾರೆ. ಒಬ್ಬರು ಪೇಟಿ ಮುಂದಿಟ್ಟುಕೊಳ್ಳುತ್ತಾರೆ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುವುದು, ಅದನ್ನು ಕಲಿಸುವವರು ಪೇಟಿ ಮಾಸ್ತರ. ಒಬ್ಬರು ತಬಲಾ, ಉಳಿದವರ ಕೈಯಲ್ಲಿ ತಾಳ. ಮುಂದಿನವರು ಒಂದು ಸಾಲು ಹೇಳುತ್ತಾರೆ, ಹಿಮ್ಮೇಳ ಅದನ್ನೇ ತಿರುಗಿ ಹೇಳುತ್ತದೆ. ಪಲ್ಲವಿ ಮತ್ತೆ ಮತ್ತೆ ಬರುತ್ತದೆ. ನಾಲ್ಕು ಅಮಾವಾಸ್ಯೆ ಕೂತವನಿಗೆ ಹತ್ತು ಪದ ಬಾಯಿಗೆ ಬಂದಿರುತ್ತವೆ, ಅಕ್ಷರ ಬಾರದಿದ್ದರೂ.

ಅಲ್ಲಿಗೆ ನಿಲ್ಲುವುದಿಲ್ಲ. ತತ್ವಪದಗಳಲ್ಲಿ ಹೊರಗಿನ ಅರ್ಥ ಒಂದು, ಒಳಗಿನದು ಇನ್ನೊಂದು. ಮನೆ ಅಂದರೆ ದೇಹ ಆಗಬಹುದು, ಬಿತ್ತನೆ ಅಂದರೆ ಸಾಧನೆ ಆಗಬಹುದು, ಅತ್ತೆ-ಸೊಸೆ ಜಗಳ ಅಂದರೆ ಮಾಯೆ-ಮನಸ್ಸಿನ ಜಗಳ ಆಗಬಹುದು. ಹಾಡು ಮುಗಿದ ಮೇಲೆ ಯಾರೋ ಕೇಳುತ್ತಾರೆ, "ಇದರ ಅರ್ಥ ಏನ್ರೀ?" ಆಗ ಮಂಡಳಿಯ ಹಿರಿಯರು ಬಿಡಿಸಿ ಹೇಳಬೇಕು. ಹೇಳಿದ್ದು ಒಪ್ಪಿಗೆಯಾಗದಿದ್ದರೆ ಇನ್ನೊಬ್ಬರು ಎದುರು ಮಾತಾಡುತ್ತಾರೆ. ರಾತ್ರಿ ಹನ್ನೆರಡು ದಾಟಿರುತ್ತದೆ, ಯಾರೂ ಎದ್ದು ಹೋಗಿರುವುದಿಲ್ಲ. ಈ ಶಾಲೆಗೆ ಗೋಡೆ ಇಲ್ಲ, ಹಾಜರಿ ಪುಸ್ತಕ ಇಲ್ಲ, ಜಾತಿ ಕೇಳಿ ಬೇರೆ ಬೆಂಚು ಹಾಕುವುದು ಎಲ್ಲ ಕಡೆ ಇಲ್ಲವೆಂದು ಹೇಳಲಾರೆ, ಆದರೆ ಮಿಕ್ಕ ಜಾಗಗಳಿಗಿಂತ ಇಲ್ಲಿ ಕಡಿಮೆ.

ಇಬ್ರಾಹಿಂ ಸುತಾರರು ಈ ಶಾಲೆಯ ವಿದ್ಯಾರ್ಥಿ, ಆಮೇಲೆ ಇದರ ದೊಡ್ಡ ಮಾಸ್ತರ. ಅವರು ಮಾಡಿದ ಮುಖ್ಯ ಕೆಲಸ ಅಂದರೆ ಕಟ್ಟೆಯ ಮೇಲಿನ ಈ ಪ್ರಶ್ನೋತ್ತರವನ್ನು ವೇದಿಕೆಗೆ ತಂದದ್ದು. ಅವರ ಮೇಳದ ಕಾರ್ಯಕ್ರಮ ಬರೀ ಹಾಡಿನ ಕಛೇರಿಯಲ್ಲ, ಸಂವಾದ. ಸಂಗಡಿಗರು ಪ್ರಶ್ನೆ ಎತ್ತುತ್ತಾರೆ, ಹಳ್ಳಿಯ ಸಾಮಾನ್ಯ ಮನುಷ್ಯನಿಗೆ ಬರುವಂಥ ನೇರ ಪ್ರಶ್ನೆ. ಸುತಾರರು ಮಾತಿನಲ್ಲಿ ಉತ್ತರ ಹೇಳುತ್ತಾ ಹೋಗಿ, ಆ ಮಾತನ್ನೇ ಒಂದು ಪದಕ್ಕೆ ತಂದು ನಿಲ್ಲಿಸುತ್ತಾರೆ. ಮೇಳ ಎತ್ತಿಕೊಳ್ಳುತ್ತದೆ. ಕುರಾನಿನ ಮಾತು, ಬಸವಣ್ಣನ ಮಾತು, ಉಪನಿಷತ್ತಿನ ಮಾತು, ಶರೀಫರ ಪದ, ಎಲ್ಲವೂ ಒಂದೇ ವಾದದ ಸಾಕ್ಷಿಗಳಾಗಿ ಬರುತ್ತವೆ. ಅವರ ವಿಡಿಯೊಗಳು ಈಗಲೂ ಸಿಗುತ್ತವೆ. ಬಿಳಿ ಬಟ್ಟೆ, ತಲೆಗೆ ಬಿಳಿ ರುಮಾಲು. ದನಿ ಏರಿಸದೆ, ನಗುತ್ತಾ, ಪಕ್ಕದ ಮನೆಯ ಹಿರಿಯರು ಬುದ್ಧಿ ಹೇಳುವ ಹಾಗೆ ಮಾತು.

ಆ ಮಾತಿನ ಕ್ರಮವನ್ನು ಗಮನಿಸಿ. 'ಎಲ್ಲ ಧರ್ಮವೂ ಒಂದೇ' ಎಂದು ಘೋಷಣೆ ಕೂಗಿ ಮುಗಿಸುವವರು ಬಹಳ. ಅವರು ಹಾಗೆ ಮಾಡುವುದಿಲ್ಲ. ಪ್ರಶ್ನೆ ಕೇಳಲು ಬಿಡುತ್ತಾರೆ. ಅನುಮಾನಕ್ಕೆ ಜಾಗ ಕೊಡುತ್ತಾರೆ. ಆಮೇಲೆ ಉತ್ತರ. ಮಾಸ್ತರನಿಗೂ ಭಾಷಣಕಾರನಿಗೂ ಇರುವ ವ್ಯತ್ಯಾಸ ಇದೇ ಅಲ್ಲವೇ?

ಸವಾಲು-ಜವಾಬಿನ ಸೀಮೆ

ಈ ಪ್ರಶ್ನೋತ್ತರದ ಪದ್ಧತಿ ಸುತಾರರು ಹುಟ್ಟಿಸಿದ್ದಲ್ಲ. ಆ ಮಣ್ಣಿನಲ್ಲೇ ಇತ್ತು. ಹಳೆಯ ವಿಜಾಪುರ ಜಿಲ್ಲೆ, ಬೆಳಗಾವಿಯ ಕಡೆಯ ಊರುಗಳಲ್ಲಿ ಗೀಗೀಪದ ಮತ್ತು ಲಾವಣಿಯ ಮೇಳಗಳಿವೆ. ಅವುಗಳಲ್ಲಿ ಹರದೇಶಿ ಮತ್ತು ನಾಗೇಶಿ ಎಂದು ಎರಡು ಪಕ್ಷ. ಒಂದು ಶಿವ ಹೆಚ್ಚು, ಗಂಡು ಹೆಚ್ಚು ಎಂದು ವಾದಿಸಿದರೆ, ಇನ್ನೊಂದು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎಂದು ಎದುರು ಹಾಡುತ್ತದೆ. ಒಬ್ಬರು ಸವಾಲು ಹಾಕಿ ಕೂತರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಪುಣೆ, ಸೊಲ್ಲಾಪುರ, ಮುಂಬೈಯಲ್ಲಿರುವ ಓದುಗರಿಗೆ ಇದು ಗುರುತು ಸಿಕ್ಕಿರಬೇಕು. ಮರಾಠಿ ಶಾಹಿರರ ಕಲ್ಗಿ-ತುರಾ ಇದರದೇ ಒಡಹುಟ್ಟು. ಗಡಿ ಭಾಷೆಗೆ ಇದೆ, ಹಾಡಿಗೆ ಇರಲಿಲ್ಲ.

ಈ ಲಾವಣಿ ಲೋಕದಲ್ಲಿ ಮುಸ್ಲಿಮರು ಮೂಲೆಯಲ್ಲಿ ಕೂತ ಅತಿಥಿಗಳಾಗಿರಲಿಲ್ಲ. ವಿಜಾಪುರ ಜಿಲ್ಲೆಯ ಹಲಸಂಗಿ ಎಂಬ ಹಳ್ಳಿಯ ಹೆಸರು ನೀವು ಕೇಳಿರುತ್ತೀರಿ. ಕನ್ನಡ ಜಾನಪದ ಸಂಗ್ರಹದ ಚರಿತ್ರೆ ಶುರುವಾಗುವ ಊರುಗಳಲ್ಲಿ ಅದೂ ಒಂದು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ, ಇವರನ್ನು 'ಹಲಸಂಗಿ ಗೆಳೆಯರು' ಎನ್ನುತ್ತೇವೆ. ಹೆಂಗಸರು ಬೀಸುವಾಗ ಕುಟ್ಟುವಾಗ ಹಾಡುವ ತ್ರಿಪದಿಗಳನ್ನು 'ಗರತಿಯ ಹಾಡು' ಎಂಬ ಹೆಸರಿನಲ್ಲಿ ಕನ್ನಡಕ್ಕೆ ಕೊಟ್ಟ ಬಳಗ ಇದು. ಆ ಬಳಗದ ಧೂಲಾಸಾಹೇಬರು ಮುಸ್ಲಿಮರು. ಅದೇ ಹಲಸಂಗಿಯ ಖಾಜಾಭಾಯಿ ಲಾವಣಿಕಾರ. ಕನ್ನಡ ಲಾವಣಿಯ ಮಾತು ಬಂದಾಗ ಅವರ ಹೆಸರು ಬಿಟ್ಟು ಮಾತಾಡಲು ಆಗುವುದಿಲ್ಲ. ಖಾಜಾಭಾಯಿ ಲಾವಣಿ ಕಟ್ಟಿದ್ದು ಯಾರಿಗೂ ಸೌಹಾರ್ದ ತೋರಿಸಲಿಕ್ಕೆ ಅಲ್ಲ. ಅವರಿಗೆ ಲಾವಣಿ ಬರುತ್ತಿತ್ತು, ಅದರಲ್ಲಿ ಅವರು ದೊಡ್ಡವರಾಗಿದ್ದರು, ಕಟ್ಟಿದರು.

ಅವರು ಮೊದಲಿಗರಲ್ಲ

ವಿಜಾಪುರ ಜಿಲ್ಲೆ ಎಂಬ ಮಾತು ನೆನಪಿಡಿ ಎಂದೆನಲ್ಲ. ಅದೇ ನೆಲದಲ್ಲಿ ನಾಲ್ಕು ನೂರು ವರ್ಷದ ಹಿಂದೆ ಇನ್ನೊಬ್ಬ ಇಬ್ರಾಹಿಂ ಇದ್ದ. ಎರಡನೇ ಇಬ್ರಾಹಿಂ ಆದಿಲ್ ಶಾಹ, 1580ರಿಂದ 1627ರವರೆಗೆ ವಿಜಾಪುರವನ್ನು ಆಳಿದ ಸುಲ್ತಾನ. ಅವನು ದಖನಿ ಭಾಷೆಯಲ್ಲಿ ರಾಗಗಳಿಗೆ ಹೊಂದಿಸಿ ಬರೆದ ಹಾಡುಗಳ ಪುಸ್ತಕ 'ಕಿತಾಬ್-ಎ-ನೌರಸ್'. ಅದರಲ್ಲಿ ಸರಸ್ವತಿಯ ಸ್ತುತಿ ಇದೆ, ಗಣಪತಿಯ ಸ್ತುತಿ ಇದೆ, ಕಲಬುರಗಿಯ ಖ್ವಾಜಾ ಬಂದೇನವಾಜರ ಸ್ತುತಿಯೂ ಇದೆ. ಜನ ಅವನನ್ನು 'ಜಗದ್ಗುರು ಬಾದಶಹಾ' ಎಂದು ಕರೆದರು.

ಅರಮನೆಯ ಮಾತು ಬಿಡಿ, ರಾಜರು ಏನು ಬೇಕಾದರೂ ಮಾಡಬಹುದು ಅನ್ನುತ್ತೀರಾ? ಹಾಗಾದರೆ ಅಡುಗೆಮನೆಗೆ ಬನ್ನಿ. ಆದಿಲ್‌ಶಾಹಿ ಕಾಲದ ಸೂಫಿಗಳು 'ಚಕ್ಕಿನಾಮಾ' ಎಂಬ ಹಾಡುಗಳನ್ನು ದಖನಿಯಲ್ಲಿ ಕಟ್ಟಿದರು. ಚಕ್ಕಿ ಅಂದರೆ ಬೀಸುವ ಕಲ್ಲು. ಹೆಣ್ಣುಮಕ್ಕಳು ಹಿಟ್ಟು ಬೀಸುವಾಗ ಹಾಡಿಕೊಳ್ಳಲಿ, ಹಾಡುತ್ತಾ ಅಲ್ಲಾಹನ ಸ್ಮರಣೆಯಾಗಲಿ ಎಂದು. ನೂಲುವಾಗ ಹಾಡಲು 'ಚರಖಾನಾಮಾ' ಇತ್ತು. ದೊಡ್ಡ ಗ್ರಂಥ ಓದಲಾಗದ ಜನರಿಗೆ ಧರ್ಮದ ಒಳಗಿನ ಮಾತನ್ನು ದುಡಿಮೆಯ ಹಾಡಿನಲ್ಲಿಟ್ಟು ಕೊಡುವ ಉಪಾಯ ಅದು. ಪಕ್ಕದ ಮನೆಯಲ್ಲಿ ಕನ್ನಡದ ಬೀಸುವ ಪದ, ಈ ಮನೆಯಲ್ಲಿ ದಖನಿ ಚಕ್ಕಿನಾಮಾ. ಕಲ್ಲು ಒಂದೇ, ಜೋಳವೂ ಒಂದೇ.

ಆಮೇಲೆ ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಶಿಶುನಾಳ ಶರೀಫರು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು, ಇಂದಿನ ಹಾವೇರಿ ಜಿಲ್ಲೆಯವರು. ಅವರ ಗುರು ಕಳಸದ ಗೋವಿಂದ ಭಟ್ಟರು, ಬ್ರಾಹ್ಮಣರು. ಗುರು ತನ್ನ ಜನಿವಾರವನ್ನೇ ಶಿಷ್ಯನಿಗೆ ಹಾಕಿದರೆಂಬ ಕತೆ ಎಲ್ಲರಿಗೂ ಗೊತ್ತು. ಗೊತ್ತಿದ್ದರೂ ನಾವು ಅದರಲ್ಲಿ ಒಂದನ್ನು ಮರೆಯುತ್ತೇವೆ: ಆ ಸಂಬಂಧ ಎರಡು ಧರ್ಮಗಳ ಒಪ್ಪಂದವಾಗಿರಲಿಲ್ಲ, ಒಬ್ಬ ಮಾಸ್ತರ ಮತ್ತು ಒಬ್ಬ ಶಿಷ್ಯನ ಸಂಬಂಧವಾಗಿತ್ತು. ಇಬ್ಬರ ಸಮುದಾಯದವರೂ ಅದಕ್ಕೆ ಗೊಣಗಿದರೆಂದೇ ಕತೆಗಳು ಹೇಳುತ್ತವೆ. ಗೊಣಗಾಟದ ನಡುವೆಯೇ ಪಾಠ ನಡೆಯಿತು.

ಶರೀಫರೂ ಒಬ್ಬಂಟಿಯಲ್ಲ. ಕಲಬುರಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರಿದ್ದರು, ಸ್ವತಃ ತತ್ವಪದಕಾರರು. ಕರ್ನಾಟಕದ ತತ್ವಪದಗಳ ಸಮಗ್ರ ಸಂಪುಟಗಳು ಈಚಿನ ವರ್ಷಗಳಲ್ಲಿ ಬಂದಿವೆ. ತೆರೆದು ನೋಡಿದರೆ ಸಾಹೇಬ, ಸಾಬ ಎಂದು ಮುಗಿಯುವ ಹೆಸರುಗಳು ಪುಟಪುಟಕ್ಕೂ ಅಲ್ಲದಿದ್ದರೂ ಮತ್ತೆ ಮತ್ತೆ ಸಿಗುತ್ತವೆ. ಇನ್ನು ಮೊಹರಂ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅಲಾವಿಯ ಸುತ್ತ ಹಾಡುವ ರಿವಾಯತ್ ಪದಗಳು ಕನ್ನಡದಲ್ಲಿವೆ. ಹಸನ್-ಹುಸೇನರ ಕತೆಯನ್ನು ಅಚ್ಚ ಹಳ್ಳಿಗನ್ನಡದಲ್ಲಿ ಹಾಡುವವರಲ್ಲಿ ಮುಸ್ಲಿಮೇತರರೇ ಹೆಚ್ಚಿರುವ ಊರುಗಳಿವೆ. ಒಂದೂ ಮುಸ್ಲಿಂ ಮನೆ ಇಲ್ಲದ ಊರಲ್ಲಿ ಮೊಹರಂ ನಡೆಯುವುದೂ ಉಂಟು. ರಹಮತ್ ತರೀಕೆರೆಯವರ 'ಕರ್ನಾಟಕದ ಸೂಫಿಗಳು' ಓದಿದವರಿಗೆ ಈ ಲೋಕ ಪರಿಚಯವಿದೆ. ಓದದಿದ್ದರೆ ವಿದ್ಯಾರ್ಥಿಗಳು ಅಲ್ಲಿಂದಲೇ ಶುರು ಮಾಡಬಹುದು.

ಈಗ ನನ್ನ ಅಕ್ಕನ ಮಗಳ ಪ್ರಶ್ನೆಗೆ ಉತ್ತರದ ಅರ್ಧ ಸಿಕ್ಕಿತು. 'ಮುಸ್ಲಿಮರಾಗಿದ್ದೂ ಯಾಕೆ ಹಾಡುತ್ತಾರೆ' ಅನ್ನುವ ಪ್ರಶ್ನೆಯಲ್ಲಿರುವ ಆ 'ಆಗಿದ್ದೂ' ಹೊಸದು. ಸುತಾರರು ಹುಟ್ಟಿದ ನೆಲದಲ್ಲಿ ಮುಸ್ಲಿಮರು ಹಾಡುತ್ತಲೇ ಬಂದಿದ್ದರು. ಹಾಡುವುದು ಅಲ್ಲಿ ವಿಶೇಷವಾಗಿರಲಿಲ್ಲ. ಯಾಕೆ ಹಾಡುತ್ತಾರೆ ಎಂದು ಕೇಳುವ ಕಾಲ ಬಂದದ್ದು ವಿಶೇಷ.

ಹೊಗಳಿಕೆಯ ಕಷ್ಟ

ಉಳಿದ ಅರ್ಧ ಸ್ವಲ್ಪ ಕಹಿ. ಸುತಾರರು ತೀರಿಕೊಂಡಾಗ ಬೇರೆ ಬೇರೆ ಪಕ್ಷಗಳ ನಾಯಕರು ಸಂತಾಪ ಹೇಳಿದರು. ಒಳ್ಳೆಯದೇ. ಆದರೆ ಆ ವಾರ ಜನರು ಅಲ್ಲಿ ಇಲ್ಲಿ ಬರೆದುಕೊಂಡ ಸಂತಾಪಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಣ್ಣಿಗೆ ಬಿತ್ತು: 'ಇಂಥ ಮುಸ್ಲಿಮರು ಬೇಕು'. ಬರೆದವರ ಮನಸ್ಸು ಕೆಟ್ಟದ್ದಿರಲಿಕ್ಕಿಲ್ಲ. ಆದರೂ ಓದಿದಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಯಿತು. ಒಬ್ಬ ಗುರುವನ್ನು ಹೊಗಳುತ್ತಾ ಅವರ ಬಂಧುಗಳನ್ನೆಲ್ಲ ಅನುಮಾನದ ಸಾಲಿನಲ್ಲಿ ನಿಲ್ಲಿಸುವ ಹೊಗಳಿಕೆ ಅದು. ಅದರ ಪ್ರಕಾರ ಸುತಾರರು ಒಂದು ಅಪವಾದ, ಕೆಸರಿನಲ್ಲಿ ಅರಳಿದ ಹೂವು. ಖಾಜಾಭಾಯಿ, ಧೂಲಾಸಾಹೇಬ, ಜಲಾಲಸಾಹೇಬ, ಶರೀಫ, ಹಿಟ್ಟು ಬೀಸುತ್ತಾ ಹಾಡಿದ ಹೆಸರಿಲ್ಲದ ಹೆಂಗಸರು, ಇವರೆಲ್ಲರನ್ನೂ ಅಳಿಸಿದರೆ ಮಾತ್ರ ಸುತಾರರು ಅಪವಾದವಾಗುತ್ತಾರೆ. ಚರಿತ್ರೆ ಗೊತ್ತಿದ್ದವರು ಹಾಗೆ ಹೊಗಳಲಾರರು.

ನಮ್ಮ ಕಡೆಯೂ ನೋಡಿಕೊಳ್ಳಬೇಕು. ನಮ್ಮ ಸಮುದಾಯದಲ್ಲಿ ಹಾಡು-ವಾದ್ಯದ ಬಗ್ಗೆ ಒಂದೇ ಅಭಿಪ್ರಾಯ ಎಂದೂ ಇರಲಿಲ್ಲ, ಈಗಲೂ ಇಲ್ಲ. ಒಪ್ಪದವರ ನಂಬಿಕೆಯನ್ನು ನಾನು ಗೇಲಿ ಮಾಡುವುದಿಲ್ಲ. ಒಪ್ಪದಿರುವ ಹಕ್ಕು ಅವರಿಗಿದೆ. ಆದರೆ ಒಪ್ಪದಿರುವುದು ಬೇರೆ, ಮರೆಯುವುದು ಬೇರೆ. ಅಜ್ಜ ಮೊಹರಂ ಪದ ಹಾಡುತ್ತಿದ್ದರು ಅನ್ನುವುದನ್ನು ಮೊಮ್ಮಕ್ಕಳಿಂದ ಮುಚ್ಚಿಡುವ ಮನೆಗಳನ್ನು ನಾನು ಬಲ್ಲೆ. ಮುಚ್ಚಿಟ್ಟರೆ ಆಗುವುದೇನು? ಮೊಮ್ಮಗನಿಗೆ ತನ್ನ ಊರು, ತನ್ನ ಭಾಷೆ ಬಾಡಿಗೆಯದು ಅನ್ನಿಸತೊಡಗುತ್ತದೆ. ಹೊರಗಿನವರು 'ನೀವು ಎಲ್ಲಿಂದ ಬಂದವರು' ಎಂದು ಕೇಳಿದಾಗ ಹೇಳಲು ಅವನ ಹತ್ತಿರ ಏನೂ ಇರುವುದಿಲ್ಲ.

ಆದ್ದರಿಂದಲೇ ಆ ಶನಿವಾರ ನನ್ನನ್ನು ಬಿಡದೆ ಕಾಡುತ್ತದೆ. ಒಂದು ಕಡೆ ನಮ್ಮ ಹೆಣ್ಣುಮಕ್ಕಳು ತರಗತಿಯ ಬಾಗಿಲಲ್ಲಿ ನಿಂತಿದ್ದರು. ಇನ್ನೊಂದು ಕಡೆ, ಬಾಗಿಲೇ ಇಲ್ಲದ ಶಾಲೆಯಲ್ಲಿ ಕಲಿತು ಕಲಿಸಿದ ಮುದುಕರೊಬ್ಬರು ಹೊರಟುಹೋಗಿದ್ದರು. ಒಂದಕ್ಕೊಂದು ಸಂಬಂಧ ಇಲ್ಲ, ದಿನಾಂಕ ಕೂಡಿಬಂದದ್ದು ಅಷ್ಟೇ. ಆದರೆ ಆ ಎರಡನ್ನೂ ಒಂದೇ ಸಂಜೆ ನೋಡಿದ ಹುಡುಗಿಯ ಪ್ರಶ್ನೆಯಲ್ಲಿ ಎರಡೂ ಇದ್ದವು.

ಹೆಸರು ಉಳಿಯುವ ಬಗೆ

ಸಂಗೀತದಲ್ಲಿ ಗುರುವಿನ ಹೆಸರು ಹೇಗೆ ಉಳಿಯುತ್ತದೆ? ಪುಣೆಯಲ್ಲಿರುವ ನಮಗೆ ಕಣ್ಣೆದುರೇ ಒಂದು ಉದಾಹರಣೆ ಇದೆ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಮೀರಜಿನಲ್ಲಿ ನೆಲೆ ನಿಂತವರು. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಅಲ್ಲಿನ ಖ್ವಾಜಾ ಮೀರಾಸಾಹೇಬ ದರ್ಗಾದಲ್ಲಿದೆ. ಅವರ ಶಿಷ್ಯ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು. ಅವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಗುರುವಿನ ಹೆಸರಿನಲ್ಲಿ 1953ರಲ್ಲಿ ಪುಣೆಯಲ್ಲಿ ಶುರುವಾದ ಸವಾಯಿ ಗಂಧರ್ವ ಉತ್ಸವಕ್ಕೆ ಇವತ್ತಿಗೂ ಸಾವಿರಾರು ಜನ ಸೇರುತ್ತಾರೆ. ಶರೀಫರ ಗುರು ಬ್ರಾಹ್ಮಣ, ಶಿಷ್ಯ ಮುಸಲ್ಮಾನ. ಇಲ್ಲಿ ಗುರು ಮುಸಲ್ಮಾನ, ಶಿಷ್ಯ ಬ್ರಾಹ್ಮಣ. ಎರಡೂ ನಮ್ಮ ಉತ್ತರ ಕರ್ನಾಟಕದ್ದೇ ಮಾತು.

ಶಾಸ್ತ್ರೀಯ ಸಂಗೀತದಲ್ಲಿ ಘರಾಣೆ ಇದೆ, ಶಿಷ್ಯರ ಪಟ್ಟಿ ಇದೆ, ಉತ್ಸವ ಇದೆ. ಗುರು ಹೋದರೂ ಹೆಸರು ಹೋಗುವುದಿಲ್ಲ. ಜನಪದದ ಮಾಸ್ತರನಿಗೆ ಇದ್ಯಾವುದೂ ಇಲ್ಲ. ಅವನಿಂದ ಕಲಿತವನು ತನ್ನನ್ನು ಶಿಷ್ಯ ಎಂದು ಹೇಳಿಕೊಳ್ಳುವುದೇ ಇಲ್ಲ, "ಅವರ ಜತೆ ಭಜನಿಗೆ ಕೂಡತಿದ್ವಿ" ಅನ್ನುತ್ತಾನೆ. ಕಲಿತ ಪದಗಳು ಒಂದು ಕೈಬರಹದ ವಹಿಯಲ್ಲಿರುತ್ತವೆ. ವಹಿ ಮಾಡದ ಮೇಲಿರುತ್ತದೆ. ಅವನು ಹೋದ ಮೇಲೆ ಮನೆ ಸುಣ್ಣ ಹೊಡೆಯುವಾಗ ರದ್ದಿಗೆ ಹೋಗುತ್ತದೆ.

ನಗರದಲ್ಲಿರುವ ನಾವು ಶರೀಫರನ್ನು ಬಲ್ಲೆವು ಅಂದುಕೊಳ್ಳುತ್ತೇವೆ. ನಮಗೆ ಗೊತ್ತಿರುವುದು ಹೆಚ್ಚಾಗಿ ಸಿ. ಅಶ್ವತ್ಥರ ಕ್ಯಾಸೆಟ್ಟಿನ ಶರೀಫ, 1990ರಲ್ಲಿ ನಾಗಾಭರಣ ತೆಗೆದ ಸಿನಿಮಾದ ಶರೀಫ. ಅವು ದೊಡ್ಡ ಕೆಲಸಗಳೇ. ಮುಂಬೈ-ಪುಣೆಯ ಕನ್ನಡ ಸಂಘಗಳ ವೇದಿಕೆಗೆ ಶರೀಫರನ್ನು ತಂದದ್ದು ಆ ಹಾಡುಗಳೇ. ಆದರೆ ಕ್ಯಾಸೆಟ್ಟು ಧಾಟಿಯನ್ನು ಉಳಿಸುತ್ತದೆ, 'ಇದರ ಅರ್ಥ ಏನ್ರೀ' ಎಂದು ಕೇಳಿದರೆ ಉತ್ತರ ಕೊಡುವುದಿಲ್ಲ. ಉತ್ತರ ಕೊಡಲು ಒಬ್ಬ ಮಾಸ್ತರ ಎದುರಿಗೆ ಕೂತಿರಬೇಕು. ಇಬ್ರಾಹಿಂ ಸುತಾರರು ಹಾಗೆ ಕೂತಿದ್ದರು. ಅವರು ಹೋದಾಗ ನಾವು ಕಳೆದುಕೊಂಡದ್ದು ಒಂದು ಕಂಠವನ್ನಷ್ಟೇ ಅಲ್ಲ. ಕಂಠದ ಧ್ವನಿಮುದ್ರಣ ಇದೆ. ಕೇಳಿದರೆ ತಾಳ್ಮೆಯಿಂದ ಬಿಡಿಸಿ ಹೇಳುವವರನ್ನು ಕಳೆದುಕೊಂಡೆವು.

ನಿಮ್ಮಿಂದ ಆಗುವ ಕೆಲಸ

ಹಾಗಂತ ಅತ್ತುಕೊಂಡು ಕೂರಬೇಕಾಗಿಲ್ಲ. ಮಹಾಲಿಂಗಪುರದ ಕಡೆ ಭಜನಾ ಮಂಡಳಿಗಳು ಈಗಲೂ ಕೂಡುತ್ತವೆ. ದೂರದೂರಿನಲ್ಲಿರುವ ನಾವು ಮಾಡಬಹುದಾದ್ದು ಸಣ್ಣದು, ಆದರೆ ತಡಮಾಡಿದರೆ ಆಗದಂಥದ್ದು. ಈ ಸಲ ಈದಿಗೋ ಮದುವೆಗೋ ಊರಿಗೆ ಹೋದಾಗ ಮನೆಯ ಹಿರಿಯರನ್ನು ಕೇಳಿ: ನಮ್ಮ ಮನೆಯಲ್ಲಿ ಯಾರು ಹಾಡುತ್ತಿದ್ದರು? ಮೊಹರಮ್ಮಿಗೆ ಯಾವ ಪದ ಹೇಳುತ್ತಿದ್ದರು? ದಾದಿಮಾ ಬೀಸುವಾಗ ಏನು ಗುನುಗುತ್ತಿದ್ದರು? ಅವರು ಹಾಡಿದರೆ ಫೋನಿನಲ್ಲಿ ಹಿಡಿದುಕೊಳ್ಳಿ. ಹಾಡು ಮುಗಿದ ಮೇಲೆ ಫೋನು ಆರಿಸಬೇಡಿ. ಅರ್ಥ ಕೇಳಿ, ಹೇಳಿಕೊಟ್ಟವರು ಯಾರೆಂದು ಕೇಳಿ. ಆ ಹೆಸರು ಬರೆದಿಡಿ. ಅದು ಯಾವ ಜಾತಿಯ, ಯಾವ ಧರ್ಮದ ಹೆಸರಾಗಿರುತ್ತದೋ ಈಗಲೇ ಹೇಳಲಾಗದು. ಹಳೆಯ ವಹಿ ಸಿಕ್ಕರೆ ರದ್ದಿಗೆ ಹಾಕುವ ಮೊದಲು ಪ್ರತಿ ಪುಟದ ಫೋಟೊ ತೆಗೆಯಿರಿ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಸಂಶೋಧನೆಯ ವಿಷಯ ಬೇಕೇ?

ನನ್ನ ಅಕ್ಕನ ಮಗಳ ಪ್ರಶ್ನೆಗೆ ಈಗ ಉತ್ತರ ಹೇಳಬಲ್ಲೆ ಅನ್ನಿಸುತ್ತದೆ. ಇವರು ಯಾಕೆ ಹಾಡುತ್ತಾರೆ ಅಂದರೆ, ಇವರಿಗೆ ಇದನ್ನು ಕಲಿಸಿದವರಿದ್ದರು, ಕಲಿಸಿದವರಿಗೂ ಕಲಿಸಿದವರಿದ್ದರು. ಆ ಸಾಲಿನಲ್ಲಿ ನಮ್ಮವರೂ ಇದ್ದರು, ಮೊದಲಿನಿಂದಲೂ ಇದ್ದರು. ಯಾರಿಗೋ ಪ್ರಮಾಣಪತ್ರ ತೋರಿಸಲು ಅವರು ಹಾಡಲಿಲ್ಲ. ತಮ್ಮದನ್ನು ತಾವು ಹಾಡಿಕೊಂಡರು.

ಮೊನ್ನೆ ಅವಳು ಅದೇ ವಿಡಿಯೊವನ್ನು ಮತ್ತೆ ಹಾಕಿದ್ದಳು. ನಡುವೆ ನಿಲ್ಲಿಸಿ ಕೇಳಿದಳು, "ಮಾಮೂ, ಇಲ್ಲಿ ಮನೆ ಅಂದ್ರೆ ನಿಜವಾಗಿ ಮನೇನಾ?"

ನನಗೆ ಪೂರ್ತಿ ಉತ್ತರ ಗೊತ್ತಿರಲಿಲ್ಲ. ಊರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಆ ಕಡೆಯಿಂದ ಹಿರಿಯರೊಬ್ಬರು ಅರ್ಧ ತಾಸು ಬಿಡಿಸಿ ಹೇಳಿದರು. ಅವಳು ಎದ್ದು ಹೋಗಲಿಲ್ಲ.